ಗಟ್ಟಿ ನೆಲದ ಪಾಠ

ಉಮರ್ಗಾ,
ರವಿವಾರ, ೬ ಅಕ್ಟೋಬರ್ ೨೦೨೪

ಪ್ರಿಯ ಮನ್ಮಥಪ್ಪ,

ಗುರುಲಿಂಗನ ಶರಣಾರ್ಥಿ. ಶ್ರಾವಣದಲ್ಲಿ ನೀನು ಉದಗೀರದಿಂದ ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಎಷ್ಟು ಬೈದರೂ ಕಡಿಮೆಯೇ. ನಡುವೆ ಎರಡು ಸಲ ಫೋನ್ ಮಾಡಿದ್ದೆ, ನೆನಪಿರಬಹುದು. ಒಮ್ಮೆ ಮಳೆಯ ಸುದ್ದಿ ಕೇಳಿದೆ, ಇನ್ನೊಮ್ಮೆ ನಿನ್ನ ಮೊಣಕಾಲಿನ ಸುದ್ದಿ ಕೇಳಿದೆ. ಅದಕ್ಕಾಗಿ ಮಾಡಿದ ಫೋನು ಅದಲ್ಲ. ನಿನ್ನ ದನಿ ಕೇಳಿದೊಡನೆ ನನ್ನ ಬಾಯಿ ಕಟ್ಟಿತು. ಪೆನ್ನು ಹಿಡಿದರೆ ಎದುರಿಗೆ ಯಾರೂ ಇರುವುದಿಲ್ಲ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಾವಿಬ್ಬರೂ ಆರಾಮ. ಅನುರಾಧಾಳ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ. ರೊಟ್ಟಿಗೆ ಹಚ್ಚಿಕೊಳ್ಳಲು ನಿನ್ನ ತಮ್ಮನ ಹೆಂಡತಿ ಕಳಿಸಿದ ಶೇಂಗಾ ಹಿಂಡಿ ಮುಗಿಯಿತು ಎಂದು ಬರೆಯಲು ಹೇಳಿದ್ದಾಳೆ. ನಾನು ಯೆಣೆಗೂರ, ನಿಲಂಗಾ ಎಂದೆಲ್ಲ ಸುತ್ತಿ, ಐದು ವರ್ಷದಿಂದ ಮತ್ತೆ ನಿಮ್ಮ ಕರಿಮಾಳದ ಕನ್ನಡ ಶಾಲೆಯಲ್ಲೇ ಇದ್ದೇನೆ. ನೌಕರಿ ಶುರುವಾದ ಊರಿಗೇ ಕೇಳಿ ಪಡೆದ ಬದಲಿ ಇದು. ತುರೋರಿಯಲ್ಲಿ ಬಸ್ಸಿಳಿದು, ಅಲ್ಲಿಂದ ಯಾರದಾದರೂ ಗಾಡಿಯ ಹಿಂದೆ ಕೂತು ಹೋಗುತ್ತೇನೆ. ಇನ್ನು ಮೂರು ವರ್ಷಕ್ಕೆ ನಿವೃತ್ತಿ.

ಈಗ ಊರಿನ ಸುದ್ದಿ. ಕರಿಮಾಳದಲ್ಲಿ ಮತ್ತೆ ನೆಲದೊಳಗಿಂದ ಸದ್ದು ಬರತೊಡಗಿತ್ತು.

ಮೊದಲು ಕೇಳಿದ್ದು ಗಣಪತಿ ಕೂತ ಮರುವಾರ, ಮಧ್ಯಾಹ್ನದ ಊಟವಾದ ಮೇಲಿನ ತಾಸಿನಲ್ಲಿ. ಏಳನೇ ತರಗತಿಗೆ ಭಾರತದ ಭೂರಚನೆ ಕಲಿಸುತ್ತಿದ್ದೆ. ನಾನು ಈ ಪಾಠವನ್ನು ಪುಸ್ತಕದಿಂದ ಕಲಿಸುವುದಿಲ್ಲ. ಶಾಲೆಯ ಅಂಗಳದಲ್ಲಿ ಹನ್ನೆರಡು ಹೆಜ್ಜೆ ಉದ್ದದ ದೇಶವನ್ನೇ ಮಕ್ಕಳಿಂದ ಕಟ್ಟಿಸುತ್ತೇನೆ. ಕೆರೆಯ ಜಿಗಟು ಮಣ್ಣಿನಿಂದ ಹಿಮಾಲಯ, ಹಳ್ಳದ ಉಸುಕಿನಿಂದ ಗಂಗೆಯ ಬಯಲು, ಇಟ್ಟಂಗಿ ಪುಡಿಯಿಂದ ಮರುಭೂಮಿ, ಎರಡೂ ಅಂಚಿಗೆ ಘಟ್ಟಗಳ ಸಾಲು. ದಖನ್ನಿಗೆ ಮಾತ್ರ ಕರಿಕಲ್ಲಿನ ಚಪ್ಪಡಿಗಳನ್ನು ರೊಟ್ಟಿಯ ಹಾಗೆ ಒಂದರ ಮೇಲೊಂದು ಇಡಿಸಿ, ಮೇಲೆ ನಮ್ಮ ಹೊಲದ ಎರೆಮಣ್ಣು ಹಾಕಿಸುತ್ತೇನೆ. ಕೋಟಿ ಕೋಟಿ ವರ್ಷದ ಹಿಂದೆ ನೆಲ ಬಿರಿದು ಬೆಂಕಿಯ ಕೆಸರು ಪದರ ಪದರವಾಗಿ ಹರಿದು ಗಟ್ಟಿಯಾಯಿತು, ನಾವು ಅದರ ಮೇಲೆ ಜೋಳ ಬಿತ್ತುತ್ತಿದ್ದೇವೆ ಎಂದು ಹೇಳಿದರೆ ಮಕ್ಕಳು ತಮ್ಮ ಕಾಲನ್ನೇ ಎತ್ತಿ ನೋಡಿಕೊಳ್ಳುತ್ತಾರೆ.

ಆ ದಿನ ಹುಡುಗಿಯರು ತಂಬಿಗೆಯಿಂದ ಗೋದಾವರಿಗೆ ನೀರು ಬಿಡುತ್ತಿದ್ದರು. ಅಷ್ಟರಲ್ಲಿ ಸದ್ದು ಬಂತು. ಹೈವೇಯಲ್ಲಿ ಕಬ್ಬು ತುಂಬಿದ ಲಾರಿ ಎಂದುಕೊಂಡೆ. ಆದರೆ ಲಾರಿಯ ಸದ್ದು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತದೆ. ಇದು ಎಲ್ಲಿಂದಲೂ ಬರಲಿಲ್ಲ, ಎಲ್ಲಿಗೂ ಹೋಗಲಿಲ್ಲ. ನಾವು ನಿಂತಲ್ಲಿ, ನಮ್ಮ ಕೆಳಗೇ ಇತ್ತು. ಗೋದಾವರಿಯ ನೀರು ಹರಿಯುವುದನ್ನು ಬಿಟ್ಟು ಸಣ್ಣಗೆ ನಡುಗಿತು. ಬೇವಿನ ಮರದ ಗಿಣಿಗಳು ಒಮ್ಮೆಲೇ ಮೌನವಾದವು. ಹಾರಿಹೋಗಲಿಲ್ಲ, ಕೂತಲ್ಲೇ ಮೌನವಾದವು. ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ನೀರು ಮತ್ತೆ ಹರಿಯಿತು.

ಸಪನಾ ಎಂಬ ಹುಡುಗಿ ಇದ್ದಾಳೆ, ಪ್ರಶ್ನೆ ಕೇಳದೆ ಇರಲಾರದವಳು. ತಂಬಿಗೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: “ಸರ್, ನಮ್ಮ ಪ್ರಸ್ಥಭೂಮಿ ದೇಶದಾಗ ಎಲ್ಲಕ್ಕಿಂತ ಹಳೀದು, ಎಲ್ಲಕ್ಕಿಂತ ಗಟ್ಟಿ ಅಂತ ಈಗಷ್ಟ ಹೇಳಿದ್ರಿ. ಗಟ್ಟಿ ಇದ್ದಿದ್ದು ಯಾಕ ನಡಗತದ್ರಿ?”

ಸರಿಯಾದ ಉತ್ತರ ನನಗೆ ಈಗ ಗೊತ್ತಿದೆ. ಈ ಇಡೀ ನೆಲ ಉತ್ತರ ದಿಕ್ಕಿಗೆ ಸರಿಯುತ್ತಾ ತಿಬೇಟನ್ನು ಒತ್ತುತ್ತಿದೆ, ಆ ಒತ್ತಡಕ್ಕೇ ಹಿಮಾಲಯ ಏಳುತ್ತಿದೆ, ಬಂಡಿ ನೂಕುವವನ ಭುಜಕ್ಕೂ ನೋವಿರುತ್ತದಲ್ಲ, ಹಾಗೆ ಅದರ ಬಿಗಿತ ಇಷ್ಟು ದೂರದ ನಮ್ಮ ಹಳೆಯ ಕಲ್ಲಿನೊಳಗೂ ಇದೆ ಎಂದು ಹೇಳಿದೆ. ಹುಡುಗಿ ತಲೆಯಾಡಿಸಿದಳು. ಆಮೇಲೆ, ಹಾಗಾದರೆ ಯಾವ ದಿನ, ಯಾವ ಊರಿನ ಕೆಳಗೆ ಎಂದು ಕೇಳಿದಳು. ಗಂಟೆ ಹೊಡೆಯಿತು, ನಾನು ಪಾರಾದೆ.

ಅಂದಿನಿಂದ ಸದ್ದು ದಿನಾ ಬಂತು, ಹೆಚ್ಚಾಗಿ ಮಧ್ಯಾಹ್ನದಿಂದ ಹೊತ್ತು ಮುಳುಗುವುದರೊಳಗೆ. ಮನೆಗಳ ಮಾಡದಲ್ಲಿಟ್ಟ ಹಿತ್ತಾಳೆ ತಾಟುಗಳು ತಾವಾಗಿಯೇ ಗುನುಗುತ್ತಿದ್ದವು. ಬಾವಿಯ ನೀರು ಹಾಲಿನ ಬಣ್ಣಕ್ಕೆ ತಿರುಗಿ, ಮೂರು ದಿನಕ್ಕೆ ತಿಳಿಯಾಯಿತು. ಸರಪಂಚ ಕಲ್ಯಾಣಪ್ಪನ ದೇವಣಿ ತಳಿಯ ಆಕಳು ಕೊಟ್ಟಿಗೆ ಹೊಗಲೊಲ್ಲದೆ ಮಳೆಯಲ್ಲೇ ನಿಂತಿತು. ಜನ ಸೂರಿಗೆಂದು ತಾಡಪತ್ರಿ ಹೊತ್ತುಕೊಂಡು, ರಾತ್ರಿ ಮಲಗಲು ಹೊಲಗಳಿಗೆ ನಡೆದರು.

ಎಲ್ಲರಿಗಿಂತ ಮೊದಲು ಅದು ತಿಳಿಯುತ್ತಿದ್ದದ್ದು ನಿಮ್ಮ ಓಣಿಯ ಮುಕ್ತಾಬಾಯಿಗೆ. ೧೯೯೩ರ ಕಿಲ್ಲಾರಿ ಭೂಕಂಪದಲ್ಲಿ ಒಂದೂವರೆ ದಿನ ತೊಲೆಯ ಕೆಳಗೆ ಸಿಕ್ಕು, ಎರಡೂ ಕಿವಿ ಕಳೆದುಕೊಂಡು ಹೊರಬಂದವಳು. ಈಗ ಎಂಬತ್ತು ದಾಟಿದೆ, ಗುಡುಗಿದರೂ ಕೇಳುವುದಿಲ್ಲ. ಶಾಲೆಯ ಎದುರಿನ ಕಟ್ಟೆಯ ಮೇಲೆ ಕೂತಿರುತ್ತಾಳೆ. ಆಕೆ ಮಾತು ನಿಲ್ಲಿಸಿ ಎರಡೂ ಪಾದ ನೆಲದಿಂದ ಮೇಲೆತ್ತಿಕೊಂಡಳೆಂದರೆ, ನಾವು ಐದು ಎಣಿಸುವುದರೊಳಗೆ ಸದ್ದು ಬರುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಮಕ್ಕಳು ಪಾಠ ಬಿಟ್ಟು ಆಕೆಯ ಪಾದವನ್ನೇ ನೋಡತೊಡಗಿದರು. ನಾನೂ ಅದನ್ನೇ ನೋಡುತ್ತಿದ್ದೆ.

ಒಂದು ದಿನ ಶಾಲೆ ಬಿಟ್ಟ ಮೇಲೆ ಆಕೆ ನನ್ನ ಅಂಗಿಯ ತೋಳು ಹಿಡಿದು ಹಳೆಯ ಊರಿಗೆ ಕರೆದುಕೊಂಡು ಹೋದಳು. ಭೂಕಂಪದ ನಂತರ ನೀನು ಬಂದದ್ದೇ ಎರಡು ಸಲ, ಅದೂ ಹೊಸ ಊರಿನ ತಗಡಿನ ಮನೆಗಳ ತನಕ. ಹಳೆಯ ಊರು ಹಳ್ಳದಾಚೆ ನೀನು ಬಿಟ್ಟುಹೋದ ಹಾಗೆಯೇ ಇದೆ, ಮೇಲೆ ಜಾಲಿ ಬೆಳೆದಿದೆ ಅಷ್ಟೆ. ಮನೆಗಳೆಲ್ಲ ಕಲ್ಲಿನ ದಿಬ್ಬಗಳಾಗಿವೆ. ಅಲ್ಲಲ್ಲಿ ಒಂದು ಬಾಗಿಲ ಚೌಕಟ್ಟು ಮಾತ್ರ ನಿಂತಿದೆ. ಮುಕ್ತಾಬಾಯಿ ದಿಬ್ಬ ಬಳಸಿಕೊಂಡು ಹೋಗದೆ ಪ್ರತಿ ಬಾಗಿಲಲ್ಲೂ ತಲೆ ತಗ್ಗಿಸಿ ದಾಟಿದಳು. ನಾನೂ ತಗ್ಗಿಸಿದೆ. ಯಾಕೆಂದು ಕೇಳಬೇಡ.

ನಿಮ್ಮ ಮನೆಯ, ಆ ಹಳೆಯ ವಾಡೆಯ, ಜಾಗಕ್ಕೆ ಬಂದು ನಿಂತೆವು. ನಿಮ್ಮಪ್ಪ ಜೋಳ ತುಂಬಿಸುತ್ತಿದ್ದ ನೆಲದೊಳಗಿನ ಹಗೇವು ಇನ್ನೂ ಇದೆ, ಬಾಯಿಗೆ ಮುಚ್ಚಿದ ಚಪ್ಪಡಿ ಕೂಡ. “ಮಾಸ್ತರ್, ಬೂಟ ತಗೀರಿ,” ಎಂದಳು. ಕಿವಿಯಿಲ್ಲದವರ ಮಾತು, ಎತ್ತರ ತಗ್ಗು ಇಲ್ಲದ್ದು. ಬೂಟು ಬಿಚ್ಚಿ ಚಪ್ಪಡಿಯ ಮೇಲೆ ನಿಂತೆ. ಬಿಸಿಲಿಗೆ ಕಾದಿರಬೇಕಾದ ಕಲ್ಲು ತಣ್ಣಗಿತ್ತು. “ಕೆಳಗ ಬೀಸಲತಾರ. ಕೇಳ್ರಿ,” ಎಂದಳು.

ಹಿಂದಿನ ವಾರವೇ ತಾಲೂಕಿನ ಜೀಪಿನಲ್ಲಿ ಬಂದ ಭೂವಿಜ್ಞಾನಿಗಳು ನನಗೆ ತಿಳಿಸಿ ಹೇಳಿದ್ದರು: ಈ ವರ್ಷ ಮಳೆ ಹೆಚ್ಚು, ಕಲ್ಲಿನ ಪದರಗಳ ನಡುವಿನ ಪೊಳ್ಳುಗಳಿಗೆ ನೀರು ಇಳಿಯುತ್ತದೆ, ಗಾಳಿ ಸಿಕ್ಕಿಬಿದ್ದು ಸದ್ದಾಗುತ್ತದೆ. ಅದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಮೊಣಕಾಲೂರಿ ಚಪ್ಪಡಿಗೆ ಕಿವಿಯಿಟ್ಟೆ. ಬೀಸುಕಲ್ಲಿನ ಸದ್ದೇ ಕೇಳಿತು, ಮನ್ಮಥ. ಒಂದು ಸುತ್ತು, ಒಂದು ಉಸಿರಿನ ಬಿಡುವು, ಕಾಳು ಸುರಿಯಲೆಂಬಂತೆ ಸ್ವಲ್ಪ ತಡೆ, ಮತ್ತೆ ಸುತ್ತು. ಬಾಗಿಲಲ್ಲಿ ಯಾರೋ ಬಂದು ನಿಂತರೆಂದು ಗೊತ್ತಾದರೆ ಬೀಸುವವರು ಕೈ ನಿಲ್ಲಿಸುತ್ತಾರಲ್ಲ, ಹಾಗೆ ನಿಂತಿತು. ನಾನು ಕಿವಿಯಿಟ್ಟೇ ಕಾದೆ. ಕೆಳಗೂ ಯಾರೋ ಕಾಯುತ್ತಿದ್ದಾರೆ ಅನಿಸಿತು. ಎದ್ದು ಬೂಟು ಹಾಕಿಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು. ಹೊಸ ಊರು ಮುಟ್ಟುವ ತನಕ ಇಬ್ಬರೂ ಹಿಂತಿರುಗಿ ನೋಡಲಿಲ್ಲ.

ಮರುದಿನ ಕಲ್ಯಾಣಪ್ಪ ಶಾಲೆಗೆ ಬಂದ. ಒಳ್ಳೆಯ ಮನುಷ್ಯ, ನಲವತ್ತರ ಆಸುಪಾಸು. ಭೂಕಂಪದ ವರ್ಷ ಸೋದರಮಾವನ ಮನೆಯಲ್ಲಿ ಓದಲು ಇದ್ದವನು, ಆದ್ದರಿಂದ ಉಳಿದುಕೊಂಡವನು. ಆಗಿನದು ಅವನಿಗೆ ಗೊತ್ತಿಲ್ಲ. ಕುರ್ಚಿ ಎಳೆದುಕೊಂಡು ಕೂತು ಹೇಳಿದ: “ಮಾಸ್ತರ್, ಮಂದಿ ಹೊಲದಾಗ ಮಲಗಲತಾರ. ಮ್ಯಾಲ ಮಳಿ, ಕೆಳಗ ಹಾವು ಚೇಳು. ಕೂಸುಗೋಳಿಗಿ ಜ್ವರ ಬಂದಾವ. ಸಾಹೇಬರು ಹೆದರಬ್ಯಾಡ್ರಿ ಅಂತ ಹೇಳಿ ಹೋಗ್ಯಾರ, ಯಾರೂ ನಂಬವಲ್ಲರು. ನಿಮ್ಮ ಮಾತು ಕೇಳ್ತಾರ. ನೀವು ಭೂಗೋಳದವ್ರು. ಮನ್ಯಾಗ ಮಲಗ್ರಿ ಅಂತ ಒಂದು ಮಾತು ಹೇಳ್ರಿ.”

ನಾನು ಚಹಾದ ಕಪ್ಪನ್ನು ಮೇಜಿನ ಮೇಲೆ ಇಟ್ಟೆ.

ನಿನಗೆ ನೆನಪಿರಬೇಕು. ೧೯೯೩ರಲ್ಲೂ ಹೀಗೇ ಆಗಿತ್ತು. ಅದಕ್ಕೂ ಹಿಂದಿನ ವರ್ಷದಿಂದ ಸಣ್ಣ ಸಣ್ಣ ನಡುಕ, ಜನ ಕೌದಿ ಹೊತ್ತು ಹೊಲಕ್ಕೆ. ನಾನು ಇಪ್ಪತ್ತನಾಲ್ಕರ ಹುಡುಗ, ಆಗಷ್ಟೇ ಕಲಿತು ಬಂದ ಮಾಸ್ತರ. ಚಾವಡಿಯ ಮುಂದೆ ಸುಣ್ಣದಿಂದ ದೇಶ ಬರೆದು, ದಖನ್ನಿನ ಮೇಲೆ ನಿಂತು, ಕಾಲು ಅಪ್ಪಳಿಸಿ ತೋರಿಸಿದ್ದೆ. ಹಿಮಾಲಯ ಇನ್ನೂ ಎಳೆಯ ಪರ್ವತ, ಅದು ಅಲುಗುತ್ತದೆ. ಇದು ದೇಶದ ಬೆನ್ನೆಲುಬು, ಇದಕ್ಕೆ ಏನೂ ಆಗುವುದಿಲ್ಲ, ಪುಸ್ತಕದಲ್ಲಿ ಬರೆದಿದೆ ಎಂದಿದ್ದೆ. ಜನ ನಕ್ಕರು, ಹಗುರಾದರು, ಒಬ್ಬೊಬ್ಬರಾಗಿ ಕೌದಿ ಎತ್ತಿಕೊಂಡು ಮನೆಯೊಳಗೆ ಹೋದರು. ನೀನೊಬ್ಬನೇ ಹಿಂದಿನಿಂದ ಕೇಳಿದೆ, “ನೆಲಕ್ಕ ನಿಮ್ಮ ಪುಸ್ತಕ ಓದಲಾಕ ಬರ್ತದೇನ್ರಿ ಮಾಸ್ತರ್?” ಅದಕ್ಕೂ ಜನ ನಕ್ಕರು. ತಿಂಗಳು ಕಳೆಯಿತು. ಗಣಪತಿ ಕಳಿಸಿ ಬಂದು ಮಲಗಿದವರು ಬೆಳಗು ನೋಡಲಿಲ್ಲ. ಉಂಡೆಗಲ್ಲು, ಮಣ್ಣಿನ ಗೋಡೆ, ಮೇಲೆ ಮೊಳ ದಪ್ಪದ ಮಣ್ಣಿನ ಮಾಳಿಗೆ. ನಾನು ಮಲಗಿದ್ದ ಶಾಲೆಗೆ ತಗಡಿನ ಸೂರಿತ್ತು.

ಚಾವಡಿಯ ಮುಂದಿನ ಆ ಮಾತನ್ನು ನಾವಿಬ್ಬರೂ ಎಂದೂ ಎತ್ತಿಲ್ಲ. ನೀನು ಒಂದು ಸಲವೂ ನನ್ನನ್ನು ದೂರಲಿಲ್ಲ.

ಕಲ್ಯಾಣಪ್ಪನಿಗೆ ಆಗಲಿ ಎಂದೆ. ಸಂಜೆ ನಾಲ್ಕಕ್ಕೆ ಸಮಾಜ ಮಂದಿರದ ಮುಂದೆ ಜನ ಸೇರಿದರು. ಎದುರಿಗೆ ಕೂಸು ಎತ್ತಿಕೊಂಡ ತಾಯಂದಿರು, ಎಲ್ಲರ ಮುಖದಲ್ಲೂ ನಿದ್ದೆಗೆಟ್ಟ ಕಪ್ಪು. ಒಂದು ಮಾತು ಹೇಳಿದರೆ ಸಾಕು, ಆ ಮುಖಗಳು ಹಗುರಾಗುತ್ತಿದ್ದವು. ಅವು ಹೇಗೆ ಹಗುರಾಗುತ್ತವೆ ಎಂಬುದು ನನಗೆ ಗೊತ್ತಿತ್ತು.

“ಯಾವಾಗ ಏನಾಗತದ ನನಗ ಗೊತ್ತಿಲ್ಲ,” ಎಂದೆ. “ಪುಸ್ತಕಕ್ಕೂ ಗೊತ್ತಿಲ್ಲ. ಇದೇ ಊರಾಗ ನಾ ಒಮ್ಮೆ ಗೊತ್ತದ ಅಂತ ಹೇಳೀನಿ. ಅದನ್ನ ಕೇಳಿದವ್ರು ಇವತ್ತ ಇಲ್ಲಿ ಭಾಳ ಮಂದಿ ಇಲ್ಲ.”

ಹಿಂದಿನ ಸಾಲಿನ ಒಬ್ಬ ಮುದುಕ ಎದ್ದು, ರುಮಾಲು ಝಾಡಿಸಿ, ಹೊರಟುಹೋದ. ಅವನು ಆಗಲೂ ಇದ್ದವನು. ಕಲ್ಯಾಣಪ್ಪ ನನ್ನನ್ನು ಬದಿಗೆ ಕರೆದು, ಸಮಾಧಾನ ಹೇಳಲು ಕರೆದರೆ ಇದ್ದ ಧೈರ್ಯವನ್ನೂ ತೆಗೆದಿರಲ್ಲ ಎಂದು ಬೇಜಾರು ಮಾಡಿಕೊಂಡ. ತಪ್ಪೇನಿಲ್ಲ. ಆದರೆ ಅಷ್ಟು ಹೇಳಿ ಕೈಬಿಡಲಿಲ್ಲ ನಾನು. ಸರಕಾರ ಕಟ್ಟಿಕೊಟ್ಟ ತಗಡಿನ ಮನೆಗಳಿಗೆ ಭಯವಿಲ್ಲ, ಅವುಗಳ ಹಿಂದೆ ಜನ ತಾವೇ ಎಬ್ಬಿಸಿದ ಕಲ್ಲುಮಣ್ಣಿನ ಅಡುಗೆಮನೆ, ಕೊಟ್ಟಿಗೆಗಳದ್ದೇ ಭಯ. ಏಳನೇ ತರಗತಿಯವರನ್ನು ಕಟ್ಟಿಕೊಂಡು ಮೂರು ದಿನ ಮನೆಮನೆ ತಿರುಗಿದೆ. ಭಾರವಾದ ಗೋಡೆಗೆಲ್ಲ ಸಪನಾ ಸುಣ್ಣದಿಂದ ಕತ್ತರಿ ಗುರುತು ಹಾಕಿದಳು. ಗುರುತಿದ್ದಲ್ಲಿ ಮಲಗಬಾರದು, ಒಲೆ ಹಚ್ಚಬಾರದು. ಕೂಸುಗಳಿದ್ದವರಿಗೆ ಶಾಲೆಯ ತಗಡಿನ ಕೋಣೆಗಳನ್ನು ಬಿಟ್ಟುಕೊಟ್ಟೆವು. ಎಲ್ಲಕ್ಕಿಂತ ದೊಡ್ಡ ಕತ್ತರಿ ಬಿದ್ದದ್ದು ಕಲ್ಯಾಣಪ್ಪನ ಕೊಟ್ಟಿಗೆಗೇ. ಅವನು ದನಗಳನ್ನು ಬಯಲಿಗೆ ಕಟ್ಟಿದ.

ಮಂಗಳವಾರ, ಅಂದರೆ ಒಂದನೇ ತಾರೀಖು, ಹಗಲು ಹನ್ನೆರಡೂವರೆಗೆ ಆಯಿತು. ಸದ್ದು ಮುಂಚೆ ಬರಲಿಲ್ಲ. ನೆಲವೇ ಒಮ್ಮೆ ಮೇಲಕ್ಕೆ ನೂಕಿತು, ಕಾಲಡಿಯಲ್ಲಿ ದೊಡ್ಡ ಪ್ರಾಣಿಯೊಂದು ಮಗ್ಗಲು ಬದಲಿಸಿದಂತೆ. ಅಂಗಳದ ದೇಶದಲ್ಲಿ ಹಿಮಾಲಯ ಕುಸಿದು ಬಯಲಿನ ಮೇಲೆ ಬಿತ್ತು. ಮಕ್ಕಳು ಒಬ್ಬರನ್ನೊಬ್ಬರು ಹಿಡಿದು ಕೂತರು, ಒಬ್ಬರೂ ಅಳಲಿಲ್ಲ. ಧೂಳು ಇಳಿದ ಮೇಲೆ ನೋಡಿದರೆ ಊರಲ್ಲಿ ಆರು ಗೋಡೆ ಬಿದ್ದಿದ್ದವು. ಆರಕ್ಕೂ ಗುರುತಿತ್ತು. ಒಳಗೆ ಯಾರೂ ಇರಲಿಲ್ಲ. ಕಲ್ಯಾಣಪ್ಪನ ಕೊಟ್ಟಿಗೆ ಇದ್ದ ಜಾಗದಲ್ಲಿ ಕಲ್ಲಿನ ಗುಡ್ಡೆ. ಅವನು ಬಂದು ನನ್ನ ಎರಡೂ ಕೈ ಹಿಡಿದು ನಿಂತ. ಆ ಕೈಗಳನ್ನು ಹಿಡಿಸಿಕೊಳ್ಳುವ ಯೋಗ್ಯತೆ ನನಗಿಲ್ಲ ಎಂದು ಅವನಿಗೆ ಹೇಗೆ ಹೇಳಲಿ?

ಮುಕ್ತಾಬಾಯಿ ಕಟ್ಟೆಯ ಮೇಲೆ ಇರಲಿಲ್ಲ. ಹುಡುಕಿಕೊಂಡು ಹಳ್ಳ ದಾಟಿದೆವು. ನಿಮ್ಮ ವಾಡೆಯ ಜಾಗದಲ್ಲಿ ಕೂತಿದ್ದಳು, ಮೈಗೆ ಒಂದು ಗೀರೂ ಇಲ್ಲ. ಪಾದಗಳನ್ನು ಮೇಲೆತ್ತಿಕೊಂಡಿರಲಿಲ್ಲ, ನೆಲಕ್ಕೆ ಪೂರ್ತಿ ಊರಿದ್ದಳು. ಚಪ್ಪಡಿ ನಡುವೆ ಸೀಳಿತ್ತು. ಬಗ್ಗಿ ನೋಡಿದೆ, ಒಳಗೆ ಬರಿ ಕತ್ತಲು, ಜೋಳದ ವಾಸನೆ. ಮೂವತ್ತೊಂದು ವರ್ಷದಿಂದ ಬರಿದಾದ ಹಗೇವಿನಿಂದ ಆಗಷ್ಟೇ ಬೀಸಿದ ಹಿಟ್ಟಿನ ವಾಸನೆ. ನನ್ನ ಜೊತೆ ಬಂದಿದ್ದ ಕಲ್ಯಾಣಪ್ಪನಿಗೂ ಬಂತು. ಅವನೇ ಮೊದಲು ಹೇಳಿದ್ದು. “ಬೀಸೂದು ಮುಗೀತು,” ಎಂದಳು ಮುಕ್ತಾಬಾಯಿ.

ಅಂದಿನಿಂದ ಸದ್ದಿಲ್ಲ. ಇವತ್ತಿಗೆ ಆರು ದಿನ. ಜನ ನಿಧಾನವಾಗಿ ಮನೆಗೆ ಮರಳುತ್ತಿದ್ದಾರೆ. ನಡುಕ ಅಳೆಯುವ ಯಂತ್ರ ಇಟ್ಟುಹೋದ ಆ ಭೂವಿಜ್ಞಾನಿಗಳು ಫೋನ್ ಮಾಡಿ, ಈಗ ಎಲ್ಲ ಶಾಂತವಾಗಿದೆ ಎಂದರು. ನನಗೇಕೋ ಆ ಸದ್ದಿದ್ದ ದಿನಗಳಿಗಿಂತ ಈ ಮೌನ ಭಾರವಾಗಿದೆ. ಪಾಠ ಮಾಡುತ್ತಾ ಮಾಡುತ್ತಾ ನಿಲ್ಲಿಸಿ ಕಿವಿಗೊಡುತ್ತೇನೆ. ಮಕ್ಕಳೂ ನಿಲ್ಲಿಸುತ್ತಾರೆ.

ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊ, ಅಂಗಡಿಯ ಮೆಟ್ಟಿಲು ಹತ್ತಿ ಇಳಿಯುವುದು ಕಡಿಮೆ ಮಾಡು. ನಿನ್ನ ತಮ್ಮನ ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಗುರುಲಿಂಗ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಹರಿದೆ. ಇಷ್ಟೆಲ್ಲ ಬರೆದದ್ದು ಇದೊಂದನ್ನು ಬರೆಯಲಿಕ್ಕೆ.

ಆ ವರ್ಷ, ಗಣಪತಿ ಕಳಿಸಿದ ದಿನ, ನೀನು ಎತ್ತು ತರಲು ದೇವಣಿಗೆ ಹೋದ ಸಂಜೆ ನಾನು ಎಂದಿನಂತೆ ನಿಮ್ಮ ಮನೆಗೆ ಊಟಕ್ಕೆ ಬಂದಿದ್ದೆ. ಶಿವಗಂಗಾ ವೈನಿ ಅಂಗಳದಲ್ಲಿ ಹಾಸಿಗೆ ಹಾಸಿ, ಮಗಳು ಗಿರಿಜಾಳನ್ನು ಮಲಗಿಸಿದ್ದರು. ಕೂಸು ಕೆಮ್ಮುತ್ತಿತ್ತು, ಒಂದೆರಡು ಹನಿ ಬೀಳತೊಡಗಿತ್ತು. “ಹೊರಗೇ ಮಲಗು ಅಂತ ಇವ್ರು ಹೇಳಿ ಹೋಗ್ಯಾರ್ರಿ,” ಎಂದರು. ನಾನು ನಕ್ಕೆ. “ಅಂವಾ ಅಂಜುಬುರಕ ಇದ್ದಾನ. ಒಳಗ ನಡೀರಿ ವೈನಿ, ಕೂಸಿಗಿ ಥಂಡಿ ಹತ್ತತದ,” ಎಂದೆ. ಅವರು ಅನುಮಾನಿಸುತ್ತಾ ನಿಂತೇ ಇದ್ದರು. ಹಾಸಿಗೆ ಸುತ್ತಿ ಒಳಗಿನ ಕೋಣೆಗೆ ಹೊತ್ತು ಹಾಸಿದವನು ನಾನು. ನಿದ್ದೆಯಲ್ಲಿದ್ದ ಗಿರಿಜಾಳನ್ನು ಎತ್ತಿ ಅದರ ಮೇಲೆ ಮಲಗಿಸಿದವನೂ ನಾನೇ. ಆಮೇಲೆ ಊಟ ಮಾಡಿ ಶಾಲೆಗೆ ಹೋದೆ.

ಮೂವತ್ತೊಂದು ವರ್ಷದಿಂದ ನೀನು ಸತ್ತ ಹೆಂಡತಿಯ ಮೇಲೆ ಸಿಟ್ಟಿಟ್ಟುಕೊಂಡಿದ್ದೀ. ಮನೆಯಲ್ಲಿ ಅವರದೊಂದು ಫೋಟೋ ಹಾಕಿಲ್ಲ. “ಆಕಿ ನನ್ನ ಮಾತು ಕೇಳಲಿಲ್ಲ” ಎಂದು ನೀನು ಹೇಳಿದಾಗಲೆಲ್ಲ ನಾನು ತಲೆಯಾಡಿಸುತ್ತಾ ಕೂತಿದ್ದೇನೆ.

ವೈನಿ ನಿನ್ನ ಮಾತು ಕೇಳಿದ್ದರು, ಮನ್ಮಥ.